ಬಾಗು ಕಳೆದ ಚಾಕು

೧೨ ಜೂನ್ ೨೦೦೬, ಸೋಮವಾರ

ಇವತ್ತು ಮುಂಬಾಗಿಲಿಗೆ ಅಗುಳಿ ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚಿದೆ. ಕಿಟಕಿಯ ಪರದೆಯನ್ನೂ ಎಳೆದಿದ್ದೆ. ಮಿಯಾಪುರದ ಈ ಎರಡನೇ ಮಹಡಿಯಲ್ಲಿ ನನ್ನನ್ನು ನೋಡುವವರು ಯಾರೂ ಇಲ್ಲ. ಎದುರು ಮನೆಯ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಕಂಪನಿ ಕ್ಯಾಬು ಹತ್ತಿ ಹೋಗಿರುತ್ತಾರೆ. ಆದರೂ ಎಳೆದೆ.

ಬಾಲಾನಗರದ ನಮ್ಮ ಕಾರ್ಖಾನೆ ಕಳೆದ ತಿಂಗಳು ಮುಚ್ಚಿತು. ಜಾಗವನ್ನು ಅಪಾರ್ಟ್‌ಮೆಂಟು ಕಟ್ಟುವವರು ಕೊಂಡರು. ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲಿಯ ಟೂಲ್ ರೂಮಿನಲ್ಲಿ ಲೇಥಿನ ಟೂಲುಗಳಿಗೆ ಸಾಣೆ ಹಿಡಿದವನು ನಾನು. ಶಿಫ್ಟು ಮುಗಿದ ಮೇಲೆ ಆ ದಿನದ ಕೆಲಸ ಬರೆದಿಡುವ ರೂಢಿ ಇನ್ನೂ ಕೈಯಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಹೆಂಡತಿ ಸೂಗಮ್ಮ ಡಬ್ಬಿ ಊಟ ಶುರು ಮಾಡಿ ಎರಡು ವರ್ಷವಾಯಿತು. ಕನ್ನಡ ನಾಡಿನ ನಮ್ಮ ಕಡೆಯಿಂದ ಬಂದು ಈ ತೆಲುಗು ಊರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗರು ಜೋಳದ ರೊಟ್ಟಿ ಸಿಗದೆ ಒದ್ದಾಡುತ್ತಿದ್ದರು. ಮೊದಲು ಇಬ್ಬರಿಗೆ ಕೊಟ್ಟಳು. ಅವರ ಬಾಯಿಂದ ಇನ್ನೊಬ್ಬರಿಗೆ ಹೋಗಿ ಈಗ ಗಚ್ಚಿಬೌಲಿಯ ಒಂದು ಆಫೀಸಿಗೆ ದಿನಾ ಎರಡು ಚೀಲ ತುಂಬ ಡಬ್ಬಿ ಹೋಗುತ್ತವೆ. ನಾನು ನೌಕರಿಯಲ್ಲಿದ್ದಾಗ ಅದನ್ನು ಅವಳ ಹವ್ಯಾಸ ಅನ್ನುತ್ತಿದ್ದೆ. ಈಗ ಮನೆ ನಡೆಯುವುದು ಅದರಿಂದಲೇ.

"ರೀ, ಉಳ್ಳಾಗಡ್ಡಿ ಅಷ್ಟು ಹೆಚ್ಚಿಕೊಡ್ತೀರೇನು? ರೊಟ್ಟಿ ಬಡಿಯೂದ್ರಾಗ ನನ್ನ ಕೈ ಬಿಡವಲ್ದು" ಅಂದಳು.

"ನಾನ?"

"ಮತ್ತ ಯಾರದಾರ ಮನ್ಯಾಗ?"

ಅವಳು ಈಳಿಗೆಯ ಮುಂದೆ ಕುಳಿತೇ ಉಳ್ಳಾಗಡ್ಡಿ ಹೆಚ್ಚುವವಳು. ನನಗೆ ಆ ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂರಲಾಗಲಿಲ್ಲ. ಎದೆಗೆ ಎದುರಾಗಿ ಅಲಗು ನಿಂತಿದ್ದರೆ ಒಂಥರಾ ಆಗುತ್ತದೆ. ಚಾಕು, ಮಣೆ ಕೊಟ್ಟಳು. ಒಂದು ಹೋಳು ಬೆರಳಿನಷ್ಟು ದಪ್ಪ, ಇನ್ನೊಂದು ಕಾಗದದಷ್ಟು ತೆಳು. ನಾನು ಹೆಚ್ಚಿದ್ದನ್ನೆಲ್ಲ ಸುಮ್ಮನೆ ಬೇರೆ ಬುಟ್ಟಿಗೆ ಹಾಕಿ, ರುಬ್ಬಲಿಕ್ಕೆ ಎತ್ತಿಟ್ಟಳು.

ಕಣ್ಣಲ್ಲಿ ನೀರು ಬಂದಿದ್ದು ಉಳ್ಳಾಗಡ್ಡಿಯಿಂದಲೇ.

೧೬ ಜೂನ್, ಶುಕ್ರವಾರ

ನನಗೂ ಒಂದು ಕೆಲಸ ಬರುತ್ತದೆ, ಅದನ್ನಾದರೂ ಮಾಡಿ ತೋರಿಸೋಣ ಎಂದುಕೊಂಡೆ. ಸೂಗಮ್ಮನ ಹತ್ತಿರ ಮೂರು ಚಾಕು ಇವೆ. ಸೊಪ್ಪು ಹೆಚ್ಚುವುದು ಅಗಲ ಅಲಗಿನದು, ಕುಂಬಳಕಾಯಿ ಒಡೆಯುವುದು ದಪ್ಪ ಬೆನ್ನಿನದು, ಬದನೆಕಾಯಿ ಸೀಳುವುದು ಚಿಕ್ಕದು, ಚೂಪು ಮೊನೆಯದು. ದೊಡ್ಡವೆರಡನ್ನೂ ತೆಗೆದುಕೊಂಡು ಮೂಲೆಯ ವೆಲ್ಡಿಂಗ್ ಅಂಗಡಿಗೆ ಹೋದೆ. ಅವನ ಗ್ರೈಂಡರ್ ಚಕ್ರ ಸ್ವಲ್ಪ ಹೊತ್ತು ಕೇಳಿ ಪಡೆದೆ.

ಅಗಲ ಚಾಕುವಿನ ಅಲಗು ದೋಣಿಯ ತಳದ ಹಾಗೆ ಬಾಗಿತ್ತು. ಬಳಸಿ ಬಳಸಿ ಸವೆದು ಸೊಟ್ಟಗಾಗಿದೆ ಎಂದು ಅಡಿಪಟ್ಟಿ ಹಿಡಿದು ನೇರ ಮಾಡಿದೆ. ದಪ್ಪ ಚಾಕುವಿನ ಬಾಯಿಯನ್ನು ತೆಳ್ಳಗೆ ಎಳೆದೆ. ಚಕ್ರದ ಕಿಡಿ ನೋಡಿ ತಿಂಗಳ ಮೇಲಾಗಿತ್ತು. ಎದೆ ಉಬ್ಬಿತು ಅಂದರೆ ಸುಳ್ಳಲ್ಲ.

ಮನೆಗೆ ಬಂದು ಅವಳ ಮುಂದೆ ಪೇಪರು ಕತ್ತರಿಸಿ ತೋರಿಸಿದೆ. ಬೆಣ್ಣೆಯ ಹಾಗೆ ಹೋಯಿತು. ಅವಳು ಅಗಲ ಚಾಕುವನ್ನು ಬೆಳಕಿಗೆ ಹಿಡಿದು ನೋಡಿದಳು.

"ಬಾಗು ಎಲ್ಲಿ ಹೋತ್ರಿ?"

"ಸೊಟ್ಟ ಆಗಿತ್ತು. ನೆಟ್ಟಗ ಮಾಡೀನಿ."

"ಹೂಂ" ಅಂದಳು. ಅಷ್ಟೇ.

೧೭ ಜೂನ್, ಶನಿವಾರ

ಬರೆಯಲು ಮುಖವಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಮೆಂತ್ಯದ ಪಚಡಿಗೆ ಸೊಪ್ಪು ಹೆಚ್ಚಲು ಕುಳಿತಳು. ಮೊದಲೆಲ್ಲ ಮೊನೆಯನ್ನು ಮಣೆಗೆ ಊರಿ ಹಿಡಿಯನ್ನು ಎತ್ತಿ ಇಳಿಸಿದರೆ ಚಾಕು ತೊಟ್ಟಿಲ ಹಾಗೆ ತೂಗುತ್ತಿತ್ತು; ಸೊಪ್ಪು ಅದರಡಿ ಪುಡಿಯಾಗುತ್ತಿತ್ತು. ಇವತ್ತು ತೂಗಲಿಲ್ಲ. ಟಕ್ ಟಕ್ ಎಂದು ಮಣೆಗೆ ಬಡಿಯಿತು. ಅದಕ್ಕಿಂತ ಹೆಚ್ಚಿನ ತಪ್ಪೆಂದರೆ, ನಡುವೆ ಎಲ್ಲೋ ನನ್ನ ಕೈ ಒತ್ತಿ ಕೂದಲೆಳೆಯಷ್ಟು ತಗ್ಗು ಬಿದ್ದಿತ್ತು. ಎತ್ತಿ ನೋಡಿದರೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಹೂಮಾಲೆಯ ಹಾಗೆ ಜೋತು ಬಿದ್ದವು. ಟೂಲ್ ರೂಮಿನಲ್ಲಿ ಇನ್ನೊಬ್ಬ ಹೀಗೆ ಮಾಡಿದ್ದರೆ ನಾನೇ ಅವನ ಮರ್ಯಾದೆ ತೆಗೆಯುತ್ತಿದ್ದೆ.

ಆಮೇಲೆ ಕುಂಬಳಕಾಯಿ. ದಪ್ಪ ಚಾಕುವನ್ನು ಸಿಪ್ಪೆಗೆ ಇಳಿಸಿ, ಯಾವಾಗಲೂ ಮಾಡುವಂತೆ ಕೊಂಚ ಹೊರಳಿಸಿದಳು. ಬೆನ್ನು ದಪ್ಪ ಇದ್ದು ಬಾಯಿ ಮೊಂಡಾಗಿದ್ದರೆ ಅದು ಬೆಣೆಯ ಹಾಗೆ ಕಾಯಿಯನ್ನು ಸೀಳುತ್ತದೆ. ನಾನು ಬಾಯಿಯನ್ನು ಬ್ಲೇಡು ಮಾಡಿಟ್ಟಿದ್ದೆ. ಚಟ್ ಎಂದು ಸಣ್ಣ ಸದ್ದು. ಆಗ ಇಬ್ಬರಿಗೂ ಅದು ಹೊಳೆಯಲಿಲ್ಲ. ಪಲ್ಯ ಬೆಂದು ಇಳಿಸಿದ ಮೇಲೆ ಚಾಕು ತೊಳೆಯುವಾಗ ಅವಳ ಬೆರಳಿಗೆ ತಗುಲಿತು. ಅಲಗಿನಲ್ಲಿ ಜೋಳದ ಕಾಳಿನಷ್ಟು ಚೂರು ಇರಲಿಲ್ಲ.

ಸಿಪ್ಪೆಯಲ್ಲಿ ಹುಡುಕಿದೆವು. ಮಣೆಯ ಕೆಳಗೆ, ನೆಲದ ಮೇಲೆ, ಮೋರಿಯ ಜಾಳಿಗೆಯಲ್ಲಿ ಹುಡುಕಿದೆವು. ಸಿಗಲಿಲ್ಲ. ಸೂಗಮ್ಮ ಬೋಗುಣಿಯನ್ನು ಹಾಗೇ ಎತ್ತಿಕೊಂಡು ಹೋಗಿ ಇಡೀ ಪಲ್ಯವನ್ನು ಕಸದ ಡಬ್ಬಿಗೆ ಸುರಿದಳು.

"ಪೂರಾ ಚೆಲ್ಲಬೇಕಿತ್ತೇನು?" ಅಂದೆ.

"ಮಂದಿ ಮಕ್ಕಳ ಹೊಟ್ಟಿಗೆ ಹೋಗೂದು ಐತಿ."

ಅಲ್ಲಿಗೆ ಸುಮ್ಮನಿರಬೇಕಿತ್ತು. "ಉಕ್ಕು ಸರಿ ಇಲ್ಲ ಬಿಡು, ಹಲ್ಕಾ ಮಾಲು" ಅಂದೆ.

"ಇಷ್ಟ್ ದಿನ ಸರಿನ ಇತ್ತಲ್ರಿ."

ಝುಣಕ, ಚಟ್ನಿ ಅಷ್ಟನ್ನೇ ಹಾಕಿ ಡಬ್ಬಿ ಕಳಿಸಿದಳು. ಆ ಹುಡುಗರಿಗೆಲ್ಲ ಫೋನು ಮಾಡಿ, ಇವತ್ತು ಪಲ್ಯ ಸೀದುಹೋಯಿತು ಎಂದು ಹೇಳಿದಳು. ತನ್ನ ಕೈ ತಪ್ಪು ಎಂದೇ ಹೇಳಿದಳು.

೧೮ ಜೂನ್

ರವಿವಾರ. ಡಬ್ಬಿ ಇಲ್ಲ. ಚೂರು ಹೋದ ಚಾಕು ಕಟ್ಟೆಯ ಮೇಲೇ ಇತ್ತು, ಇಬ್ಬರೂ ಮುಟ್ಟಲಿಲ್ಲ.

೭ ಜುಲೈ, ಶುಕ್ರವಾರ

ಬಹಳ ದಿನವಾಯಿತು ಬರೆಯದೆ. ಬೆಳಿಗ್ಗೆ ಹೆಚ್ಚುವ ಕೆಲಸ ಈಗ ನನ್ನದೇ ಆಗಿದೆ. ಯಾರೂ ಹೇಳಿ ಆದದ್ದಲ್ಲ. ಅಗುಳಿ ಮಾತ್ರ ತಪ್ಪದೆ ಹಾಕುತ್ತೇನೆ.

ಇವತ್ತು ಎಣ್ಣೆಗಾಯಿ. ಎಳೆ ಬದನೆಕಾಯಿಯನ್ನು ತಳದಿಂದ ನಾಲ್ಕು ಸೀಳು ಮಾಡಬೇಕು, ಆದರೆ ತೊಟ್ಟಿನ ಹತ್ತಿರ ಬೇರ್ಪಡಬಾರದು. ನಾನು ಅಗಲ ಚಾಕುವಿನಿಂದಲೇ ಸೀಳಿದೆ. ನಾಲ್ಕರಲ್ಲಿ ಮೂರು ಹೋಳಾಗಿ ಬಿದ್ದವು. ಸೂಗಮ್ಮ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು.

"ಅದರ ಮೊನಿ ಎಲ್ಲಿ ಹೋಗಿ ನಿಲ್ತದ ಅಂತ ನಿಮಗ ಕಾಣತದೇನು?"

"ಇಲ್ಲ."

"ಮತ್ತ? ಅಗಲ ಅಲಗು ಕಾಯಿನ ಮುಚ್ಚಿಬಿಡ್ತದ. ಒಳಗ ಎಷ್ಟು ಹೋತು ಅಂತ ಗೊತ್ತಾಗೂದಿಲ್ಲ. ಈ ಸಣ್ಣದು ಹಿಡೀರಿ. ತುದಿ ತೊಟ್ಟಿಗೆ ಮುಟ್ಟಿದ ಕೂಡ್ಲೆ ಬೆರಳಿಗೆ ಗೊತ್ತಾಕ್ಕತಿ."

ಗೊತ್ತಾಯಿತು. ತೊಟ್ಟಿನ ಗಟ್ಟಿಗೆ ಮೊನೆ ತಾಗಿದಾಗ ಸಣ್ಣ ತಡೆ. ಲೇಥಿನಲ್ಲಿ ಸ್ಕ್ರೂವಿನ ಸುತ್ತು ಕೊರೆಯುವ ಟೂಲಿನಿಂದ ಯಾರಾದರೂ ತುಂಡು ಕತ್ತರಿಸುತ್ತಾರೆಯೇ? ಪ್ರತಿ ಕೆಲಸಕ್ಕೂ ಅದರದೇ ಮೂಗು, ಅದರದೇ ಕೋನ. ಇಷ್ಟು ವರ್ಷ ಅನ್ನ ಕೊಟ್ಟ ಆ ಬುದ್ಧಿಯನ್ನು ನಾನು ಅಡುಗೆಮನೆಯ ಹೊಸ್ತಿಲಾಚೆಗೇ ಬಿಟ್ಟು ಒಳಗೆ ಬಂದಿದ್ದೆ. ಇಲ್ಲಿ ಬುದ್ಧಿ ಬೇಕಾಗುವಂಥದ್ದು ಏನಿದೆ ಎಂದು.

ಉಳಿದವು ಒಂದೂ ಒಡೆಯಲಿಲ್ಲ. ಮಸಾಲೆ ತುಂಬುವಾಗ ಹೂವಿನ ಹಾಗೆ ಬಾಯಿ ಬಿಟ್ಟವು.

ಮಧ್ಯಾಹ್ನ ರಾಯಚೂರಿನಿಂದ ಮಗಳು ಭಾಗ್ಯಶ್ರೀ ಹಾಸ್ಟೆಲ್ ಫೋನಿನಿಂದ ಮಾತಾಡಿದಳು. ಅಪ್ಪ ಏನು ಮಾಡಾಕತ್ತಿ ಅಂದಳು. ಪೇಪರ್ ಓದಾಕತ್ತೀನಿ ಅಂದೆ. ಕೈಯಲ್ಲಿ ಬೆಳ್ಳುಳ್ಳಿ ಇತ್ತು.

೧೯ ಜುಲೈ, ಬುಧವಾರ

ಇದನ್ನು ಬರೆಯದಿದ್ದರೆ ಇನ್ನೇನು ಬರೆದೂ ಪ್ರಯೋಜನವಿಲ್ಲ.

ಡಬ್ಬಿ ಒಯ್ಯುವ ಆಟೋದವನು ಬರಲಿಲ್ಲ. ಸ್ಕೂಟರ್ ತೆಗೆದೆ. ಸೂಗಮ್ಮ ಎರಡೂ ಚೀಲ ಹಿಡಿದು ಹಿಂದೆ ಕುಳಿತಳು. ಧೂಳಿಗೆ ಸೆರಗನ್ನು ಮುಖಕ್ಕೆ ಸುತ್ತಿಕೊಂಡಿದ್ದಳು. ಗಚ್ಚಿಬೌಲಿಯ ಆ ಗಾಜಿನ ಕಟ್ಟಡದ ಗೇಟಿನಲ್ಲಿ ಇಳಿದು ಚೀಲ ಇಳಿಸುತ್ತಿದ್ದೆವು. ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು.

ಗುರುರಾಜ ಸಾಹೇಬರು. ನಮ್ಮ ಕಾರ್ಖಾನೆಯಲ್ಲಿ ವರ್ಕ್ಸ್ ಮ್ಯಾನೇಜರಾಗಿದ್ದವರು, ಬೀದರ ಕಡೆಯವರು. ಹೊರಗಿನಿಂದ ಇಂಜಿನಿಯರುಗಳು ಬಂದರೆ ನನ್ನ ಬೆನ್ನ ಮೇಲೆ ಕೈಯಿಟ್ಟು, ಈತನ ಬೆರಳೇ ನಮ್ಮ ಮೈಕ್ರೋಮೀಟರು ಎಂದು ತೋರಿಸುತ್ತಿದ್ದರು. ಈಗ ಆ ಕ್ಯಾಂಪಸ್ಸಿನ ಕಟ್ಟಡ, ಸ್ಟೋರ್ಸು, ಕ್ಯಾಂಟೀನು ಎಲ್ಲ ಅವರ ಉಸ್ತುವಾರಿಯಂತೆ.

"ಏನ್ ಬಸವಲಿಂಗಪ್ಪ, ನೀವಿಲ್ಲೆ? ಈಗೇನ್ ಮಾಡಾಕತ್ತೀರಿ?"

ನನ್ನ ಕೈಯಲ್ಲಿ ಡಬ್ಬಿಯ ಚೀಲ ಇತ್ತು. ಅದನ್ನು ಕೆಳಗಿಟ್ಟೆ. ನಾಲಿಗೆ ತಾನೇ ಹೊರಳಿತು.

"ಏನಿಲ್ರಿ ಸರ್, ಅಲ್ಲಿ ಇಲ್ಲಿ ನೋಡಾಕತ್ತೀನಿ. ಈಕಿ ನಮ್ಮ ಓಣ್ಯಾಗ ಇರ್ತಾಳ. ಅಡಗಿ ಮಾಡಿ ಡಬ್ಬಿ ಕೊಡ್ತಾಳ. ಆಟೋ ಸಿಗಲಿಲ್ಲ ಅಂದ್ಲು, ಪಾಪ, ಬಿಟ್ಟು ಹೋಗೂಣು ಅಂತ ಬಂದೆ."

ಸಾಹೇಬರು ಅವಳ ಕಡೆ ನೋಡಿದರು. ಸೂಗಮ್ಮ ಚೀಲ ಕೆಳಗಿಟ್ಟಳು. ಆಮೇಲೆ ಕೈ ಮುಗಿದಳು.

"ಹೌದ್ರಿ ಸಾಹೇಬ್ರ. ಅಣ್ಣಾರು ಭಾಳ ಉಪಕಾರ ಮಾಡಿದ್ರು."

ಅಣ್ಣಾರು ಅಂದಳು. ನನಗೆ.

ಸಾಹೇಬರು ನನ್ನ ನಂಬರು ಬರೆದುಕೊಂಡರು, ಸ್ಟೋರ್ಸಿನಲ್ಲಿ ಏನಾದರೂ ಇದ್ದರೆ ಹೇಳುತ್ತೇನೆ ಅಂದರು. ನಾನು ನಕ್ಕೆ. ಹೇಗೆ ನಕ್ಕೆನೋ ತಿಳಿಯದು. ಅವರು ಒಳಗೆ ಹೋದ ಮೇಲೆ ತಿರುಗಿ ನೋಡಿದರೆ ಸೂಗಮ್ಮ ಡಬ್ಬಿ ಒಪ್ಪಿಸಿ, ರಸ್ತೆ ದಾಟಿ, ಬಸ್ಸು ಹತ್ತುತ್ತಿದ್ದಳು. ಖಾಲಿ ಸ್ಕೂಟರು ಓಡಿಸಿಕೊಂಡು ಬಂದೆ.

೨೦ ಜುಲೈ

ಅಡುಗೆಮನೆಗೆ ಹೋದೆ. ಅವಳು ಈಳಿಗೆಯ ಮುಂದೆ ಕುಳಿತು ನನ್ನ ಪಾಲಿನದನ್ನೂ ಹೆಚ್ಚುತ್ತಿದ್ದಳು. ಮಣೆ, ಚಾಕು ತೊಳೆದು ಗೋಡೆಗೆ ಒರಗಿಸಿಟ್ಟಿದ್ದಳು. ಪಡಸಾಲೆಗೆ ಬಂದು ಕುಳಿತೆ.

೨೩ ಜುಲೈ, ರವಿವಾರ

ಊಟ ಬಡಿಸುತ್ತಾಳೆ. ನೀರು ಕೊಡುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಜಗಳವಾಡಿದ್ದರೆ ಚೆನ್ನಾಗಿತ್ತು.

ಇವತ್ತು ನಾನೇ ಬಾಯಿ ತೆಗೆದೆ. "ಸೂಗಮ್ಮ, ಅವತ್ತ ನಂದು ತಪ್ಪಾತು. ನಿನಗ ಭಾಳ ನಾಚಿಕಿ ಆಗಿರಬೇಕು."

ಅವಳು ಜೋಳ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ನೀವು ಸುಳ್ಳು ಹೇಳಿದ್ದು ನೀವು ನೋಡ್ಕೋರಿ. ನನಗ ನಾಚಿಕಿ ಆಗಿದ್ದು ಬ್ಯಾರೆ. ಇಷ್ಟ್ ವರ್ಷ ಕೂಡಿ ಬಾಳ್ವಿ ಮಾಡೀನಿ. ನಿಮ್ಮನ್ನ ಅಣ್ಣ ಅನ್ನಾಕ ನನ್ನ ಬಾಯಿ ಒಂದೀಟೂ ತಡೀಲಿಲ್ಲಲ್ಲ, ಅದಕ್ಕ."

ಜೋಳದಲ್ಲಿ ಒಂದು ಹರಳು ಸಿಕ್ಕಿತು. ಕಿಟಕಿಯಿಂದ ಎಸೆದಳು.

"ಡಬ್ಬಿ ಹೊತ್ಕೊಂಡು ಅಡ್ಡಾಡೂದು ನನಗ ನಾಚಿಕಿ ಅಲ್ಲರಿ. ನಾಚಿಕಿ ಅಂತ ನೀವು ಅಂದ್ಕೊಂಡೀರಿ ಅನ್ನೂದು ಗೊತ್ತಿತ್ತು. ಹೆಂಡ್ತಿ ಅನ್ನಾಕೂ ಆಗಲಾರದಷ್ಟು ಅನ್ನೂದು ಗೊತ್ತಿರಲಿಲ್ಲ."

೩ ಆಗಸ್ಟ್, ಗುರುವಾರ

ಗುರುರಾಜ ಸಾಹೇಬರ ಫೋನು ಬಂತು. ಸ್ಟೋರ್ಸ್ ಅಸಿಸ್ಟೆಂಟ್ ಜಾಗ ಖಾಲಿ ಇದೆ, ಇದೇ ಇಪ್ಪತ್ತೆಂಟಕ್ಕೆ ಬನ್ನಿ ಅಂದರು. ಕುರ್ಚಿ ಬಿಟ್ಟು ಎದ್ದು ನಿಂತೇ ಮಾತಾಡಿದೆ.

"ಇನ್ನೊಂದು ಬಸವಲಿಂಗಪ್ಪ. ನಮ್ಮ ಕ್ಯಾಂಟೀನ್‌ದಾಗ ಶುಕ್ರವಾರಕ್ಕೊಮ್ಮೆ ಜೋಳದ ರೊಟ್ಟಿ ಊಟ ಇಡೂಣು ಅಂತ ಮಾಡೀವಿ. ಕನ್ನಡ ಹುಡುಗ್ರು ಭಾಳ ಕೇಳಾಕತ್ತಾರ. ನಿಮ್ಮ ಓಣಿ ಹೆಣಮಗಳು, ಅವತ್ತ ಬಂದಿದ್ಲಲ್ಲ, ಆಕಿ ಕೈ ಚಲೋ ಐತಿ ಅಂತ ಎಲ್ಲಾರೂ ಅಂತಾರ. ಅವತ್ತs ಕರ್ಕೊಂಡು ಬರ್ರಿ. ನಮ್ಮ ಅಡಗಿಮನ್ಯಾಗs ಒಂದು ಊಟ ಮಾಡಿ ತೋರಿಸ್ಲಿ."

ಆಗಲಿ ಸರ್ ಅಂದೆ. ನಿಮ್ಮ ಓಣಿ ಹೆಣಮಗಳು. ಆಗಲಿ ಸರ್.

ಸೂಗಮ್ಮನಿಗೆ ಹೇಳಿಲ್ಲ.

೧೦ ಆಗಸ್ಟ್

ಇನ್ನೂ ಹೇಳಿಲ್ಲ. ಅವಳು ಡಬ್ಬಿ ಒಯ್ದ ಮೇಲೆ ಬಾಲ್ಕನಿಯಲ್ಲಿ ಕುಳಿತು ಅರದಿಂದ ಅಗಲ ಚಾಕುವನ್ನು ತೀಡುತ್ತಿದ್ದೇನೆ. ಚಕ್ರಕ್ಕೆ ಕೊಡಲಿಲ್ಲ, ಕೈಯಲ್ಲೇ. ಹೋದ ಉಕ್ಕು ಮರಳಿ ಬರುವುದಿಲ್ಲ. ಉಳಿದದ್ದರಲ್ಲೇ ಬಾಗು ತೆಗೆಯಬೇಕು. ಹಿಡಿಯ ಹತ್ತಿರ ನೇರ ಇರಲಿ, ನಡುವಿನಿಂದ ಮೊನೆಯವರೆಗೆ ಏರಲಿ. ಸ್ವಲ್ಪ ತೀಡುವುದು, ಮಣೆಯ ಮೇಲೆ ತೂಗಿ ನೋಡುವುದು, ಕೊತ್ತಂಬರಿಯ ದಂಟಿನ ಮೇಲೆ ಆಡಿಸುವುದು, ಮತ್ತೆ ತೀಡುವುದು. ಒಂದು ದಂಟು ಕತ್ತರಿಸದೆ ಉಳಿದರೂ ಅಲ್ಲಿ ಇನ್ನೂ ತಗ್ಗಿದೆ ಎಂದರ್ಥ.

೧೬ ಆಗಸ್ಟ್, ಬುಧವಾರ

ಚಾಕುವನ್ನು ಸುಮ್ಮನೆ ಅದರ ಜಾಗದಲ್ಲಿಟ್ಟೆ. ಇವತ್ತು ಅದನ್ನು ತೆಗೆದುಕೊಂಡು ಮೆಂತ್ಯ ಹೆಚ್ಚಿದಳು. ತೂಗಿತು. ಅವಳ ಕೈ ಒಂದು ಸಲ ನಿಂತು ಮತ್ತೆ ಶುರುವಾಯಿತು.

"ಬಾಗು ಇನ್ನೀಟು ಮುಂದ ಬರಬೇಕಿತ್ತು" ಅಂದಳು, ಹೆಚ್ಚಿ ಮುಗಿದ ಮೇಲೆ.

ಹೌದು. ಅರ್ಧ ಬೆರಳಷ್ಟು ಮುಂದೆ ಬರಬೇಕಿತ್ತು. ಅಷ್ಟು ಮಾತಾಡಿದಳಲ್ಲ ಎಂದು ಬಾಲ್ಕನಿಗೆ ಹೋಗಿ ಸುಮ್ಮನೆ ನಿಂತೆ.

೨೧ ಆಗಸ್ಟ್, ಸೋಮವಾರ

ಇವತ್ತು ಹೇಳಿದೆ. ನೌಕರಿಯ ವಿಷಯ, ಶುಕ್ರವಾರದ ಊಟದ ವಿಷಯ, ಸಾಹೇಬರು ಆಡಿದ ಮಾತು ಎಲ್ಲ. ಅವಳು ಸಿಟ್ಟಾಗುತ್ತಾಳೆ, ಬರುವುದಿಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಹಾಗಂದಿದ್ದರೆ ನನಗೆ ಸಲೀಸಾಗುತ್ತಿತ್ತು.

"ಹೋಗೂಣು" ಅಂದಳು. "ನಾನು ಓಣಿ ಹೆಣಮಗಳಾಗೇ ಬರ್ತೀನಿ. ನಿಮ್ಮ ನೌಕರಿ ಆಗ್ಲಿ. ಅವತ್ತ ಒಂದ್ಸಲ ಅಂದಾತು, ಇನ್ನೊಂದ್ಸಲ ಅಂದ್ರ ಬಾಯಿ ಏನು ಹೊಲಸಾಗೂದಿಲ್ಲ."

ಎಷ್ಟು ಸಹಜವಾಗಿ ಅಂದಳೆಂದರೆ ನೆಲ ಬಾಯಿ ಬಿಟ್ಟರೆ ಇಳಿಯಬಹುದಿತ್ತು. ನಾನು ಬೇಡ ಅನ್ನಲಿಲ್ಲ. ಬರೆದಿಡುತ್ತೇನೆ: ಬೇಡ ಅನ್ನಲಿಲ್ಲ.

೨೮ ಆಗಸ್ಟ್, ಸೋಮವಾರ

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಗೇಟಿನ ಹತ್ತಿರ ಅವಳು ಸ್ಕೂಟರಿನಿಂದ ಇಳಿದು ನನಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದಳು.

ಕ್ಯಾಂಟೀನಿನ ಅಡುಗೆಮನೆ ಆಸ್ಪತ್ರೆಯ ಹಾಗೆ ಬೆಳ್ಳಗಿತ್ತು. ಸೂಗಮ್ಮ ಚೀಲದಿಂದ ಈಳಿಗೆ ತೆಗೆದು ನೆಲಕ್ಕಿಡಲು ಹೋದಳು. ಅಲ್ಲಿಯ ಹೆಡ್ ಕುಕ್ಕು, ತೆಲುಗಿನವನು, ಓಡಿ ಬಂದ. "ಕಿಂದ ಕೂರ್ಚೋಕೂಡದಮ್ಮಾ!" ಕೆಳಗೆ ಕೂರುವಂತಿಲ್ಲ, ಮನೆಯ ಕತ್ತಿಗಿತ್ತಿ ಒಳಗೆ ತರುವಂತಿಲ್ಲ, ಇಲ್ಲಿಯ ನಿಯಮ ಎಂದು ಕೈಸನ್ನೆ ಮಾಡಿ ಹೇಳಿದ. ಈಳಿಗೆಯನ್ನೂ ಚಾಕುಗಳನ್ನೂ ತೆಗೆದು ಹೊರಗಿಟ್ಟ. ಎದೆಯೆತ್ತರದ ಸ್ಟೀಲ್ ಕಟ್ಟೆ ತೋರಿಸಿ, ಎರಡು ಗೇಣು ಉದ್ದದ, ಕಿರಿದಾದ ಅಲಗಿನ ಒಂದು ಚಾಕು ಅವಳ ಕೈಗೆ ಕೊಟ್ಟ. ಬೆಂದ ಮಾಂಸವನ್ನು ತೆಳ್ಳಗೆ ಎಳೆಯುವಂಥ ಚಾಕು ಅದು. ಸೊಪ್ಪಿಗಲ್ಲ, ಬದನೆಕಾಯಿಗಂತೂ ಅಲ್ಲವೇ ಅಲ್ಲ.

ಗುರುರಾಜ ಸಾಹೇಬರು, ಆಫೀಸಿನ ಇನ್ನಿಬ್ಬರು ಬಂದು ನಿಂತರು. ನನ್ನನ್ನು ತಮ್ಮ ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. "ಮೊದಲು ಇದು ಆಗ್ಲಿ, ಆಮ್ಯಾಲೆ ನಿಮ್ಮ ಕಾಗದ ನೋಡೂಣು" ಅಂದರು.

ಜೀವನವಿಡೀ ಕುಳಿತು, ನಿಂತ ಅಲಗಿಗೆ ಕಾಯಿ ಒಡ್ಡಿ ಹೆಚ್ಚಿದವಳು ಸೂಗಮ್ಮ. ಸೊಪ್ಪಿಗೆ, ಬದನೆಕಾಯಿಗೆ ಚಾಕು ಹಿಡಿಯುತ್ತಿದ್ದಳು ನಿಜ, ಅದೂ ನೆಲದ ಮೇಲೆ ಕುಳಿತು, ತನ್ನ ಚಾಕು. ಆ ಕಟ್ಟೆಗೆ ಅವಳ ಮೊಣಕೈ ಭುಜದ ತನಕ ಎದ್ದಿತ್ತು. ಮೊದಲ ಬದನೆಕಾಯಿ ಎರಡು ಹೋಳಾಯಿತು. ಎರಡನೆಯದೂ ಅಷ್ಟೇ. ಆಫೀಸಿನವರಲ್ಲಿ ಒಬ್ಬ ಗಡಿಯಾರ ನೋಡಿದ. ಮೂರನೆಯದಕ್ಕೆ ಮೊನೆ ಜಾರಿ ಅವಳ ಎಡಗೈ ಹೆಬ್ಬೆರಳಿಗೆ ಬಿತ್ತು. ಅವಳು ಕೂಗಲಿಲ್ಲ. ಬೆರಳನ್ನು ಸೆರಗಿನೊಳಗೆ ಸುತ್ತಿ ಬಚ್ಚಿಟ್ಟುಕೊಂಡು, ಇನ್ನೊಂದು ಕಾಯಿಗೆ ಕೈ ಚಾಚಿದಳು. ಸೆರಗು ಕೆಂಪಾಗುವುದು ನನಗೆ ಕಾಣುತ್ತಿತ್ತು. ನನ್ನ ಕಡೆ ಅವಳು ನೋಡಲೇ ಇಲ್ಲ. ಓಣಿ ಹೆಣಮಗಳು ಯಾಕೆ ನೋಡುತ್ತಾಳೆ?

ಕಟ್ಟೆಯ ಹತ್ತಿರ ನಾನು ಯಾವಾಗ ಹೋದೆನೋ. ಅವಳ ಕೈಯಿಂದ ಚಾಕು ತೆಗೆದು ಪಕ್ಕಕ್ಕಿಟ್ಟೆ. ಅಡುಗೆಯವನ ಕಡೆ ತಿರುಗಿ "ಚಿನ್ನ ಕತ್ತಿ ಲೇದಾ?", ಸಣ್ಣ ಚಾಕು ಇಲ್ಲವೇ ಎಂದು ಕೇಳಿ, ಅವನು ಹೂಂ ಅನ್ನುವ ಮುಂಚೆಯೇ ಸೆಳೆಖಾನೆ ಎಳೆದು ಹುಡುಕಿದೆ. ಹಣ್ಣು ಸುಲಿಯುವ, ಚೂಪು ಮೊನೆಯ ಒಂದು ಸಣ್ಣದು ಸಿಕ್ಕಿತು. ಬಾಗಿದ ಅಲಗಿನ ಅಗಲದ್ದೂ ಸಿಕ್ಕಿತು.

"ಏನಿದು ಬಸವಲಿಂಗಪ್ಪ? ಆಕಿ ಮಾಡ್ಲಿ ಬಿಡ್ರಿ" ಎಂದರು ಸಾಹೇಬರು.

"ಸರ್, ಈಕಿ ನಮ್ಮ ಓಣಿಯಾಕಿ ಅಲ್ರಿ. ನನ್ನ ಹೆಂಡ್ತಿ, ಸೂಗಮ್ಮ. ಅವತ್ತ ನಾ ನಿಮ್ಮ ಮುಂದ ಸುಳ್ಳು ಹೇಳಿದೆ. ಡಬ್ಬಿ ಅಡಗಿ ಈಕಿದು. ಹೆಚ್ಚಿಕೊಡೂದು ನಾನು."

ಅಡುಗೆಯವನಿಗೆ ಕನ್ನಡ ತಿಳಿಯದಿದ್ದರೂ ಏನೋ ಆಗಿದೆ ಎಂದು ತಿಳಿದು, ಹಿಂದೆ ಸರಿದು ಸೂಗಮ್ಮನಿಗೆ ಪಟ್ಟಿ ತರಲು ಹೋದ. ನನ್ನ ಕಿವಿ ಕಾದ ಕಬ್ಬಿಣದ ಹಾಗೆ ಸುಡುತ್ತಿತ್ತು. ತೋಳು ಮಡಚಿ ಬದನೆಕಾಯಿ ಸೀಳಿದೆ. ಒಂದು ಒಡೆಯಿತು, ಉಳಿದವು ನಿಂತವು. ಸೂಗಮ್ಮ ಬೆರಳಿಗೆ ಪಟ್ಟಿ ಸುತ್ತಿಸಿಕೊಂಡು ಬಂದು ಒಲೆ ಹಿಡಿದಳು. ಮಸಾಲೆ ಬೇಕೆಂದಾಗ ಕೈ ಚಾಚುತ್ತಿದ್ದಳು, ನಾನು ಕೊಡುತ್ತಿದ್ದೆ. ಮೆಂತ್ಯ ಹೆಚ್ಚಿದೆ, ಉಳ್ಳಾಗಡ್ಡಿ ಹೆಚ್ಚಿದೆ. ಅವಳು ರೊಟ್ಟಿ ಬಡಿಯುವ ಸದ್ದಿಗೆ ಆಚೆಯ ಹಾಲಿನಿಂದ ನಾಲ್ಕಾರು ಹುಡುಗರು ಬಂದು ಗಾಜಿಗೆ ಮೂಗು ಒತ್ತಿ ನಿಂತರು.

ಉಂಡಾದ ಮೇಲೆ ಸಾಹೇಬರು ಶುಕ್ರವಾರದ ಊಟ ಅವಳಿಗೇ ಎಂದು ಹೇಳಿದರು. ಆಮೇಲೆ ನನ್ನನ್ನು ಕಾರಿಡಾರಿಗೆ ಕರೆದರು. ಸಿಟ್ಟು ಇರಲಿಲ್ಲ, ಅದೇ ಕಷ್ಟವಾಯಿತು.

"ನಿಮ್ಮ ಕೈ ಮ್ಯಾಲೆ ನನಗ ಎಂದೂ ಸಂಶೆ ಇರಲಿಲ್ಲ. ನಾಲಿಗಿ ಮ್ಯಾಲೆ ಈಗ ಐತಿ. ಸ್ಟೋರ್ಸ್ ಕೀಲಿ ಕೊಡೂ ನೌಕರಿ ಬಸವಲಿಂಗಪ್ಪ. ಕಟಗೊಂಡ ಹೆಂಡ್ತಿನs ಯಾರೋ ಅಂದವ್ರಿಗೆ ಹ್ಯಾಂಗ ಕೊಡ್ಲಿ, ನೀವs ಹೇಳ್ರಿ."

ಖರೆ ಅದ ಸರ್ ಅಂದೆ.

ಹೊರಗೆ ಬಂದಾಗ ಸೂಗಮ್ಮ ಸ್ಕೂಟರಿನ ಹತ್ತಿರ ನಿಂತಿದ್ದಳು.

"ನೌಕರಿ?"

"ಹೋತು."

"ಖರೇ ಹೇಳೂದಿದ್ರ ಅವತ್ತs ಹೇಳಬೇಕಿತ್ತು. ಇವತ್ತ ಹೇಳಿ ನೌಕರಿ, ಮರ್ಯಾದಿ ಎರಡೂ ಕಳಕೊಂಡ್ರಿ" ಅಂದಳು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಅವಳ ಕೈ ನನ್ನ ಹೆಗಲ ಮೇಲೆ ಬಂತು. ರಸ್ತೆ ತಗ್ಗು ದಿಣ್ಣೆ ಇತ್ತು, ಅದಕ್ಕೂ ಇರಬಹುದು. ಮನೆ ಮುಟ್ಟುವ ತನಕ ತೆಗೆಯಲಿಲ್ಲ.

೧೫ ಸೆಪ್ಟೆಂಬರ್, ಶುಕ್ರವಾರ

ಮೂರನೇ ಶುಕ್ರವಾರ. ಗೇಟಿನ ಗಾರ್ಡು ಇವತ್ತು ನನ್ನನ್ನು ತಡೆದು ಯಾರು ಎಂದು ಕೇಳಿದ. ಸೂಗಮ್ಮನ ಗಂಡ ಅಂದೆ. ಒಳಗೆ ಬಿಟ್ಟ. ಗುರುರಾಜ ಸಾಹೇಬರು ಎದುರಾದರೆ ಇನ್ನೂ ತಲೆ ತಗ್ಗುತ್ತದೆ. ಅವರು ಊಟಕ್ಕೆ ಬರುತ್ತಾರೆ, ಪಚಡಿಯನ್ನು ಎರಡು ಸಲ ಹಾಕಿಸಿಕೊಳ್ಳುತ್ತಾರೆ, ನನ್ನ ಕಡೆ ನೋಡಿ ತಲೆಯಾಡಿಸಿ ಹೋಗುತ್ತಾರೆ. ಆ ದಿನದ ಗೇಟು ನೆನಪಾದರೆ ಈಗಲೂ ಅಂಗೈ ಬೆವರುತ್ತದೆ. ಅದು ಹೋಗುವುದಿಲ್ಲ ಎಂದು ಕಾಣುತ್ತದೆ. ಹೋಗಬಾರದೇನೋ.

ಕ್ಯಾಬೀಜು ತೀರಾ ನೀರು ಬಿಟ್ಟಿತು. ಒತ್ತಿ ಹೆಚ್ಚಿದರೆ ಹಾಗೇ ಆಗುತ್ತದೆ. ಎಳೆದು ಹೆಚ್ಚಬೇಕು, ಅದಕ್ಕೆ ಉದ್ದ ಅಲಗು ಬೇಕು. ಮನೆಯಲ್ಲಿ ಅಂಥದ್ದಿಲ್ಲ.

೮ ಅಕ್ಟೋಬರ್, ರವಿವಾರ

ಇಬ್ಬರೂ ಬೇಗಂ ಬಜಾರಿಗೆ ಹೋಗಿದ್ದೆವು, ಚಾಕು ತರಲು. ಪಾತ್ರೆ ಸಾಲಿನ ಕೊನೆಗೆ ಒಬ್ಬ ಮುದುಕನ ಅಂಗಡಿ. ಅವನು ಹಗುರ ಹಿಡಿಯ, ಹೂವಿನ ಚಿತ್ರದ ಚಾಕುಗಳನ್ನು ತೆಗೆದು ಸೂಗಮ್ಮನ ಮುಂದೆ ಹರವಿದ.

"ಭಾಭೀ ಕೇ ಹಾತ್ ಕೋ ಯೇ ಅಚ್ಛಾ ರಹತಾ" ಅಂದ ನನಗೆ, ಅವಳ ಕೈಗೆ ಇವು ಒಳ್ಳೆಯವು ಎಂದು.

"ಉನಕೋ ನಕ್ಕೋ. ಮೇರೇಕುಚ್ ಹೋನಾ" ಅಂದೆ. ಅವಳಿಗೆ ಬೇಡ, ನನಗೇ ಬೇಕು ಎಂದು.

ಬೇರೆ ಪೆಟ್ಟಿಗೆ ತೆಗೆದ. ಬಹಳ ತಪ್ಪು ಮಾಲು ಇಟ್ಟಿದ್ದಾನೆ. ಒಂದರ ಬೆನ್ನು ಇಷ್ಟು ದಪ್ಪ, ಗಜ್ಜರಿಗೆ ಇಳಿಸಿದರೆ ಹೆಚ್ಚುವ ಬದಲು ಸೀಳುತ್ತದೆ. ಇನ್ನೊಂದಕ್ಕೆ ಬಾಗು ಅತಿಯಾಗಿ, ಮಣೆಗೆ ಒಂದೇ ಚುಕ್ಕೆ ತಾಗುತ್ತದೆ. ಅವನ ಗಾಜಿನ ಕಟ್ಟೆ ಸಮ ಇರಲಿಲ್ಲ, ತೂಗಿ ನೋಡಲಾಗಲಿಲ್ಲ. ಒಂದು ರಟ್ಟು ಕೇಳಿ ಇಸಿದುಕೊಂಡು, ನೆಲದ ಮೇಲೆ ಹಾಕಿ, ಮಂಡಿಯೂರಿ ಕುಳಿತೆ. ಪಕ್ಕದ ತರಕಾರಿ ಗಾಡಿಯಿಂದ ಸೂಗಮ್ಮ ಒಂದು ಕಟ್ಟು ಕೊತ್ತಂಬರಿ ತಂದುಕೊಟ್ಟಳು. ಒಂದೊಂದೇ ಚಾಕು ಆಡಿಸಿ ನೋಡಿದೆ. ಕೊನೆಗೆ ಒಂದು ಸರಿಹೋಯಿತು. ಹಿಡಿಯ ಕಡೆ ನೇರ, ಅರ್ಧದಿಂದ ಮುಂದಕ್ಕೆ ಮೆಲ್ಲಗೆ ಏರುವ ಉದ್ದ ಅಲಗು, ಮೊನೆ ಕಣ್ಣಿಗೆ ಕಾಣುವಂಥದ್ದು. ಕ್ಯಾಬೀಜಿಗೂ ಸೈ, ಸೊಪ್ಪಿಗೂ ಸೈ. ನಾಳೆ ಹೀರೇಕಾಯಿಗೆ ಹಿಡಿದು ನೋಡಬೇಕು.

ಜನ ಸುತ್ತುಗಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದರಂತೆ. ಮನೆಗೆ ಬಂದ ಮೇಲೆ ಸೂಗಮ್ಮ ನಗುತ್ತ ಹೇಳಿದಳು. ನಾನು ಗಮನಿಸಿರಲಿಲ್ಲ.